ಟಿಕೋಪಿಯಾ ದ್ವೀಪಕ್ಕೆ ಹೋಗುವುದು ಹೇಗೆ, ಮತ್ತು ಹೋಗುವುದು ಸರಿಯೇ?

ಕಡಲಕರೆ:
ಸಾಲೊಮನ್ ದ್ವೀಪರಾಷ್ಟ್ರದ ಪೂರ್ವದ ಅಂಚಿನಲ್ಲಿರುವ ಟಿಕೋಪಿಯಾವನ್ನು ನೋಡಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇದೆ. ಧಾರವಾಡದಲ್ಲಿ ಮಾನವಶಾಸ್ತ್ರ ಓದುತ್ತಿದ್ದಾಗ ರೇಮಂಡ್ ಫರ್ತ್ ಅವರ ಅಧ್ಯಯನದಿಂದ ಈ ದ್ವೀಪದ ಪರಿಚಯವಾಯಿತು. ಈಗ ಉದ್ಯೋಗದ ನಿಮಿತ್ತ ಬ್ರಿಸ್ಬೇನಿನಲ್ಲಿರುವುದರಿಂದ ಅಲ್ಲಿಯ ರಾಜಧಾನಿ ಹೊನಿಯಾರಾದವರೆಗೆ ವಿಮಾನದಲ್ಲಿ ಹೋಗುವುದು ದೊಡ್ಡ ಮಾತಲ್ಲ, ಆದರೆ ಅಲ್ಲಿಂದ ಮುಂದೆ ಸುಮಾರು 1,000 ಕಿಲೋಮೀಟರ್ ದೂರವನ್ನು ಕ್ರಮಿಸುವುದು ಹೇಗೆಂದು ತಿಳಿಯುತ್ತಿಲ್ಲ. ಪ್ರವಾಸ ಸಂಸ್ಥೆಗಳ ಪಟ್ಟಿಯಲ್ಲಿ ಈ ದ್ವೀಪದ ಹೆಸರೇ ಇಲ್ಲ. ಸಾಲೊಮನ್ ದ್ವೀಪಗಳ ಬಹುಪಾಲು ಜನರು ಮೆಲನೇಷ್ಯನ್ನರಾಗಿದ್ದರೂ (ನೈಋತ್ಯ ಪೆಸಿಫಿಕ್ಕಿನ ದ್ವೀಪಗಳ ಜನ) ಟಿಕೋಪಿಯಾದವರು ಭಾಷೆಯಲ್ಲಿಯೂ ಸಂಸ್ಕೃತಿಯಲ್ಲಿಯೂ ಅವರಿಗಿಂತ ಪೂರ್ವದ ದ್ವೀಪಗಳ ಪಾಲಿನೇಷ್ಯನ್ನರು. ನಾಲ್ವರು ಕುಲಮುಖ್ಯರ ಆಡಳಿತ ಇಂದಿಗೂ ನಡೆದುಕೊಂಡು ಬಂದಿದೆ. ಆ ಜನರೊಂದಿಗೆ ಕೆಲವು ದಿನ ಇದ್ದು ಬರಬೇಕೆಂಬುದು ನನ್ನ ಉದ್ದೇಶ. ಯಾರ ಅನುಮತಿ ಬೇಕು, ಏನನ್ನು ಒಯ್ಯಬೇಕು, ಎಲ್ಲಿ ಉಳಿಯಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ. ಹೋಗುವುದೇ ತಪ್ಪು ಎನ್ನುವವರಿದ್ದರೆ ಅವರ ಕಾರಣಗಳನ್ನೂ ಕೇಳಲು ಸಿದ್ಧನಿದ್ದೇನೆ.

ಬಾವಿಕಟ್ಟೆ:
ಕುಡಿಯುವ ನೀರಿನ ಕೆಲಸಕ್ಕೆ ಸಂಬಂಧಿಸಿ ಸಾಲೊಮನ್ ದ್ವೀಪಗಳಲ್ಲಿ ಕೆಲವು ಕಾಲ ಇದ್ದೆ. ಆ ಸಂದರ್ಭದಲ್ಲಿ ಟಿಕೋಪಿಯಾಕ್ಕೂ ಹೋಗಿದ್ದೆ. ದಾರಿಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಹೊನಿಯಾರಾದಿಂದ ತೆಮೊಟು ಪ್ರಾಂತ್ಯದ ಕೇಂದ್ರವಾದ ಲಾಟಾದವರೆಗೆ ಸಣ್ಣ ವಿಮಾನವಿದೆ. ಲಾಟಾದಿಂದ ಟಿಕೋಪಿಯಾ 350 ಕಿಲೋಮೀಟರಿಗೂ ದೂರ, ಮತ್ತು ಅದನ್ನು ಹಡಗಿನಲ್ಲಿಯೇ ಹೋಗಬೇಕು, ಏಕೆಂದರೆ ದ್ವೀಪದಲ್ಲಿ ವಿಮಾನ ಇಳಿಯುವ ಜಾಗವಿಲ್ಲ. ಹಡಗಿಗೆ ನಂಬಬಹುದಾದ ವೇಳಾಪಟ್ಟಿಯೆಂಬುದಿಲ್ಲ. ಸರಕು, ಇಂಧನ, ಹವಾಮಾನ ಮೂರೂ ಕೂಡಿಬಂದಾಗ ಹೊರಡುತ್ತದೆ. ಹಿಂದಿರುಗುವ ಹಡಗು ಯಾವಾಗ ಬರುತ್ತದೆಂದು ಯಾರೂ ಮಾತು ಕೊಡುವುದಿಲ್ಲ. ರಜೆಯ ಕೊನೆಯ ದಿನಾಂಕವನ್ನು ನಿಗದಿಪಡಿಸಿಕೊಂಡು ಹೋಗುವವರಿಗೆ ಇದು ಹೇಳಿದ ಜಾಗವಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲವಾದ್ದರಿಂದ ಉಳಿದ ತಿಂಗಳುಗಳನ್ನು ಆರಿಸಿಕೊಳ್ಳಿ. ಆಗಲೂ ಆಗ್ನೇಯದ ಗಾಳಿಗೆ ಕಡಲು ಒರಟಾಗಿಯೇ ಇರುತ್ತದೆ.

ಇಳಿಯಲು ದಕ್ಕೆಯಿಲ್ಲ. ಹಡಗು ಹವಳದ ದಿಬ್ಬದಿಂದಾಚೆ ನಿಲ್ಲುತ್ತದೆ, ಅಲ್ಲಿಂದ ದೋಣಿಯಲ್ಲಿ ದಡ ಸೇರಬೇಕು. ಭರತವಿಳಿದಿದ್ದರೆ ಕೊನೆಯ ಹತ್ತಾರು ಮಾರು ದೂರವನ್ನು ಮೊಣಕಾಲು ನೀರಿನಲ್ಲಿ, ಹವಳದ ಚೂಪುಗಳ ಮೇಲೆ ಹೆಜ್ಜೆ ನೋಡಿಕೊಂಡು ನಡೆಯಬೇಕಾಗುತ್ತದೆ. ದಡದಲ್ಲಿ ಮಕ್ಕಳೆಲ್ಲ ಸೇರಿರುತ್ತಾರೆ, ಆದರೆ ಅತಿಥಿಯನ್ನು ಮೊದಲು ಕರೆದೊಯ್ಯುವುದು ಅರಿಕಿಯ ಬಳಿಗೆ. ಅರಿಕಿ ಎಂದರೆ ಕುಲಮುಖ್ಯ; ಕಾಫಿಕಾ, ತಾಫುವಾ, ತೌಮಾಕೊ, ಫಾಂಗರೆರೆ ಎಂಬ ನಾಲ್ಕು ಕುಲಗಳಿಗೆ ನಾಲ್ವರು. ಅರಿಕಿಯ ಮುಂದೆ ನಿಂತು ಮಾತನಾಡುವಂತಿಲ್ಲ, ಅವರಿಗೆ ಬೆನ್ನು ತೋರಿಸುವಂತಿಲ್ಲ. ಬಾಗಿ ಹೋಗಿ ಅವರ ಮೊಣಕಾಲಿಗೆ ಮೂಗು ಒತ್ತುವುದು ಗೌರವದ ಕ್ರಮ. ಆಗ ಅವರು ನಮ್ಮ ಮುಖವನ್ನು ಮೇಲೆತ್ತಿ ಮೂಗಿಗೆ ಮೂಗು ತಾಗಿಸುತ್ತಾರೆ.

ಮನೆಯ ಸೂರು ನೆಲದ ಸಮೀಪದವರೆಗೆ ಇಳಿದಿರುತ್ತದೆ. ಸಾಗೊ ಮರದ ಗರಿ ಹೊದಿಸಿದ ಆ ಮನೆಗಳೊಳಗೆ ಎಷ್ಟು ದೊಡ್ಡ ಮನುಷ್ಯನಾದರೂ ಅಂಬೆಗಾಲಿಟ್ಟೇ ಹೋಗಬೇಕು. ಒಳಗೆ ಕತ್ತಲೆ, ಚಾಪೆಗಳು, ಹೊಗೆಯ ವಾಸನೆ. ಕಣ್ಣು ಹೊಂದಿಕೊಳ್ಳುವ ಮೊದಲೇ ಎಲ್ಲೋ ಒಂದು ಕಡೆ ಕುಳಿತುಬಿಡಬೇಡಿ. ಹಳೆಯ ಮನೆಗಳಲ್ಲಿ ಉದ್ದದ ಒಂದು ಪಕ್ಕದ ಚಾಪೆಗಳ ಕೆಳಗೆ ಹಿರಿಯರ ಸಮಾಧಿಗಳಿರುತ್ತವೆ, ಆ ಪಕ್ಕಕ್ಕೆ ಬೆನ್ನು ಮಾಡಿ ಕೂರುವುದು ಅಮರ್ಯಾದೆ. ಎಲ್ಲಿ ಕೂರಬೇಕೆಂದು ಮನೆಯವರು ತೋರಿಸುತ್ತಾರೆ, ಅಲ್ಲಿಯವರೆಗೆ ಬಾಗಿಲ ಬಳಿ ಕಾಯುವುದು ಒಳ್ಳೆಯದು.

ಅನುಮತಿಗಾಗಿ ಲಾಟಾದ ಪ್ರಾಂತೀಯ ಕಚೇರಿಯಲ್ಲಿ ವಿಚಾರಿಸಬೇಕು, ಆದರೆ ಅದು ಅರ್ಧ ಭಾಗ ಮಾತ್ರ. ನೀವು ಯಾವ ಮನೆಯಲ್ಲಿ ಉಣ್ಣುತ್ತೀರಿ ಎಂಬುದು ತೀರ್ಮಾನವಾಗದೆ ದಡಕ್ಕೆ ಇಳಿಯಲೇಬೇಡಿ. ದ್ವೀಪದ ವಿಸ್ತೀರ್ಣ ಸುಮಾರು ಐದು ಚದರ ಕಿಲೋಮೀಟರ್. ಅದರಲ್ಲಿಯೂ ಒಂದು ಪಾಲು ಸರೋವರ. ಇಷ್ಟು ನೆಲದಲ್ಲಿ ಸುಮಾರು 1,200 ಜನ ಬದುಕುತ್ತಾರೆ. ಹೋಟೆಲು ಇಲ್ಲದ, ಅಂಗಡಿಯ ಅಕ್ಕಿಯನ್ನು ನಂಬಿ ಕೂರಲಾಗದ ಊರಿನಲ್ಲಿ ಹೊರಗಿನಿಂದ ಬಂದವನು ಎಲ್ಲಕ್ಕಿಂತ ಮೊದಲು ಒಂದು ಹೆಚ್ಚುವರಿ ಹೊಟ್ಟೆ.

ನೇರನುಡಿ:
ಬಾವಿಕಟ್ಟೆ ಅವರ ಮಾಹಿತಿ ಉಪಯುಕ್ತವಾಗಿದೆ, ಆದರೆ ಅದನ್ನು ಓದಿದ ಮೇಲೆ ನನಗೆ ತೋರುವುದು ಒಂದೇ: ಹೋಗಬಾರದು. ನಮ್ಮದೇ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ 2018ರಲ್ಲಿ ಅಮೆರಿಕದ ಧರ್ಮಪ್ರಚಾರಕನೊಬ್ಬ ಕಾನೂನು ಮೀರಿ ಹೋಗಿ ಪ್ರಾಣ ಕಳೆದುಕೊಂಡದ್ದನ್ನು ನಾವೆಲ್ಲ ಓದಿದ್ದೇವೆ. ಅಂಡಮಾನಿನ ಮೂಲನಿವಾಸಿಗಳ ರಕ್ಷಣೆಗಾಗಿ 1956ರಿಂದ ನಿಯಮಾವಳಿಯಿದೆ. ಅಲ್ಲಿ ಸರಿಯೆನಿಸಿದ್ದು ಪೆಸಿಫಿಕ್ಕಿನಲ್ಲಿ ಏಕೆ ತಪ್ಪಾಗಬೇಕು? ನಮ್ಮ ಕುತೂಹಲವನ್ನು ತಣಿಸಿಕೊಳ್ಳಲು ಬಡ ಗೃಹಸ್ಥರ ಗಡ್ಡೆಗೆಣಸನ್ನು ತಿಂದು, ಅವರ ಮನೆಯೊಳಗಿನ ಸಮಾಧಿಗಳ ಚಿತ್ರ ತೆಗೆದು, ಮರಳಿ ಬಂದು ಲೇಖನ ಬರೆಯುವುದರಿಂದ ಆ ಜನರಿಗೆ ಏನು ಸಿಗುತ್ತದೆ? ರೋಗಗಳ ಮಾತು ಬೇರೆಯೇ ಇದೆ. ಹೊರಗಿನ ಹಡಗುಗಳು ಪೆಸಿಫಿಕ್ ದ್ವೀಪಗಳಿಗೆ ತಂದ ಸೋಂಕುಗಳಿಂದ ಸತ್ತವರ ಲೆಕ್ಕವೇ ಇಲ್ಲ. “ಹೊರಜಗತ್ತಿನ ಸೋಂಕಿಲ್ಲದ ಜನ” ಎಂಬ ಆಕರ್ಷಣೆಯೇ ಅವರನ್ನು ಹಾಳುಮಾಡುವ ಮೊದಲ ಹೆಜ್ಜೆ ಎಂದು ನನ್ನ ಅಭಿಪ್ರಾಯ.

ಹಳೆ ನಕಾಶೆ:
ನೇರನುಡಿಯವರೇ, ರೋಗದ ವಿಷಯದಲ್ಲಿ ನಿಮ್ಮ ಮಾತು ನಿಜ. 1955ರ ಸುಮಾರಿಗೆ ಬಂದ ಸಾಂಕ್ರಾಮಿಕ ರೋಗದ ನಂತರವೇ ಅಲ್ಲಿಯ ಹಳೆಯ ಪೂಜಾಕ್ರಮ ಪೂರ್ತಿಯಾಗಿ ನಿಂತಿತು. ತಾಫುವಾ ಅರಿಕಿ ಮತ್ತು ಪಶ್ಚಿಮದ ಫಾಯೆಯಾ ಭಾಗದವರು 1920ರ ದಶಕದಲ್ಲಿಯೇ ಕ್ರೈಸ್ತರಾಗಿದ್ದರು. ಉಳಿದ ಮೂವರು ಅರಿಕಿಗಳು ಆ ಸಾವುನೋವಿನ ನಂತರ ಅದೇ ದಾರಿ ಹಿಡಿದರು. ಇಂದು ಇಡೀ ದ್ವೀಪ ಆಂಗ್ಲಿಕನ್ ಸಂಪ್ರದಾಯದ್ದು. ಆದರೆ ಸೆಂಟಿನೆಲ್ ದ್ವೀಪದ ಹೋಲಿಕೆ ಇಲ್ಲಿ ಸಲ್ಲದು. ಸೆಂಟಿನೆಲಿಗಳು ಹೊರಗಿನವರನ್ನು ನಿರಾಕರಿಸಿದವರು. ಟಿಕೋಪಿಯಾದವರು 1978ರಲ್ಲಿ ಸ್ವತಂತ್ರವಾದ ದೇಶವೊಂದರ ಪ್ರಜೆಗಳು. ಮತ ಹಾಕುತ್ತಾರೆ, ಹೊನಿಯಾರಾದಲ್ಲಿ ಓದುತ್ತಾರೆ, ದುಡಿಯುತ್ತಾರೆ. ರಸೆಲ್ ದ್ವೀಪಗಳ ನುಕುಫೆರೊದಲ್ಲಿ ಅವರದೇ ವಲಸೆ ಊರಿದೆ.

ಇವರು ಹೊರಗಿನವರನ್ನು ಯಾವ ರೀತಿಯಲ್ಲಿ ನಡೆಸಿಕೊಂಡರು ಎಂಬುದಕ್ಕೆ ಭಾರತದ ನಂಟಿರುವ ಒಂದು ಪ್ರಸಂಗವಿದೆ. 1813ರಲ್ಲಿ ಫಿಜಿಯಲ್ಲಿ ನಡೆದ ಹತ್ಯಾಕಾಂಡದಿಂದ ಪಾರಾದ ಮೂವರನ್ನು ‘ಹಂಟರ್’ ಎಂಬ ಹಡಗು ಟಿಕೋಪಿಯಾದಲ್ಲಿ ಇಳಿಸಿ ಹೋಯಿತು. ಒಬ್ಬ ಮಾರ್ಟಿನ್ ಬುಶಾರ್ಟ್ ಎಂಬ ಪ್ರಷ್ಯಾದವನು, ಇನ್ನೊಬ್ಬಳು ಅವನ ಫಿಜಿ ಮೂಲದ ಹೆಂಡತಿ, ಮೂರನೆಯವನು ಭಾರತೀಯ ಖಲಾಸಿ. ಇಂಗ್ಲಿಷರು ಅಂದಿನ ರೂಢಿಯಂತೆ ಅವನನ್ನು ಲಸ್ಕರ್ ಎಂದು ಕರೆದರು, ಹೆಸರನ್ನು ‘ಜೋ’ ಎಂದು ಬರೆದುಕೊಂಡರು. ತಾಯಿ ತಂದೆ ಇಟ್ಟ ಹೆಸರು ಯಾವ ದಾಖಲೆಗೂ ಬರಲಿಲ್ಲ. 1826ರ ಮೇ ತಿಂಗಳಿನಲ್ಲಿ ಹಿಂದೆ ‘ಹಂಟರ್’ನಲ್ಲಿ ಅವರ ಜೊತೆಗಿದ್ದ ಪೀಟರ್ ಡಿಲ್ಲನ್ ಎಂಬ ಕಪ್ತಾನನು ‘ಸೇಂಟ್ ಪ್ಯಾಟ್ರಿಕ್’ ಹಡಗಿನಲ್ಲಿ ಕಲ್ಕತ್ತೆಯತ್ತ ಹೋಗುತ್ತ, ಹಳೆಯ ಗೆಳೆಯರು ಬದುಕಿದ್ದಾರೆಯೇ ಎಂದು ನೋಡಲು ಅಲ್ಲಿ ನಿಂತ. ಬದುಕಿದ್ದರು. ಖಲಾಸಿಯ ಬಳಿ ಬೆಳ್ಳಿಯ ಕತ್ತಿಹಿಡಿಯ ಒಂದು ತುಂಡಿತ್ತು. ಅದು ಎಲ್ಲಿಂದ ಬಂತೆಂದು ಕೇಳಿದಾಗ ವನಿಕೊರೊ ದ್ವೀಪದ ಮಾತು ಬಂತು. ಟಿಕೋಪಿಯಾದವರು ತಮ್ಮ ದೋಣಿಗಳಲ್ಲಿ ಅಲ್ಲಿಗೆ ಹೋಗಿಬರುತ್ತಿದ್ದರು, ಖಲಾಸಿಯೂ ಹೋಗಿದ್ದ. 1788ರಲ್ಲಿ ಕಣ್ಮರೆಯಾಗಿದ್ದ ಫ್ರೆಂಚ್ ನಾವಿಕ ಲಾ ಪೆರೂಸ್‌ನ ಹಡಗುಗಳು ಎಲ್ಲಿ ಮುಳುಗಿದವೆಂಬ ಗುಟ್ಟು ಹೊರಬಿದ್ದದ್ದು ಹೀಗೆ. ಕಲ್ಕತ್ತೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಡಿಲ್ಲನ್‌ನಿಗೆ ‘ರಿಸರ್ಚ್’ ಎಂಬ ಹಡಗನ್ನು ಕೊಟ್ಟಿತು, 1827ರಲ್ಲಿ ಅವನು ವನಿಕೊರೊಗೆ ಹೋಗಿ ಅವಶೇಷಗಳನ್ನು ತಂದ, ಫ್ರಾನ್ಸ್ ದೇಶವು ಅವನಿಗೆ ಪದವಿ ನೀಡಿತು. ಬುಶಾರ್ಟ್ ಡಿಲ್ಲನ್‌ನೊಂದಿಗೆ ಹೊರಟಿದ್ದ. ಖಲಾಸಿ ಹೊರಡಲಿಲ್ಲ. ಹದಿಮೂರು ವರ್ಷ ಅನ್ನ ಹಾಕಿದ ಊರನ್ನು ಬಿಟ್ಟು ಬಂಗಾಳಕ್ಕೆ ಮರಳುವ ಅವಕಾಶ ಕಾಲಬಳಿಯೇ ಬಂದು ನಿಂತಿದ್ದರೂ ಅವನು ಅಲ್ಲಿಯೇ ಉಳಿದ.

ಈ ಕಥೆಯಲ್ಲಿ ನನಗೆ ಕಾಣುವುದು, ಯಾರನ್ನು ಇರಗೊಡಬೇಕೆಂಬುದನ್ನು ಟಿಕೋಪಿಯಾದವರು ತಾವೇ ನಿರ್ಧರಿಸುತ್ತ ಬಂದಿದ್ದಾರೆ ಎಂಬುದು. ಅವರ ಪರವಾಗಿ ಬಾಗಿಲು ಹಾಕುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ.

ನೇರನುಡಿ:
ಖಲಾಸಿಯ ಪ್ರಸಂಗ ತಿಳಿದಿರಲಿಲ್ಲ, ಕೃತಜ್ಞತೆಗಳು. ಆದರೆ ಅವನು ಅಲ್ಲಿಯವರೊಡನೆ ಮೀನು ಹಿಡಿದು, ತೋಟದಲ್ಲಿ ದುಡಿದು ಬದುಕಿರಬೇಕು. ಇಂದು ಹೋಗುವವರು ಕ್ಯಾಮರಾ ಹಿಡಿದು ಎರಡು ವಾರ ಕುಳಿತು ಉಣ್ಣುವವರು. ನನ್ನ ಆಕ್ಷೇಪ ಆ ವ್ಯತ್ಯಾಸದ ಕುರಿತಾಗಿದೆ. ಅರಿಕಿಗಳು ಬೇಡವೆಂದರೆ ಕಡಲಕರೆಯವರು ಲಾಟಾದಿಂದಲೇ ಹಿಂದಿರುಗಲು ಸಿದ್ಧರಿದ್ದಾರೆಯೇ? ಸಿದ್ಧರಿದ್ದರೆ ನನ್ನ ತಕರಾರು ಅರ್ಧಕ್ಕೆ ಇಳಿಯುತ್ತದೆ.

ತೋಟದಂಚು:
ನಾನು ಶಿರಸಿ ಕಡೆಯ ಅಡಿಕೆ ತೋಟದವಳು, ಪೆಸಿಫಿಕ್ಕಿನ ಕುರಿತು ಏನೂ ಅರಿಯೆ. ಆದರೆ ಟಿಕೋಪಿಯಾದವರು ಎಲೆಯಡಿಕೆ ಮೆಲ್ಲುತ್ತಾರೆಂದೂ, ಅರಿಶಿನವನ್ನು ಪವಿತ್ರವೆಂದು ಎಣಿಸುತ್ತಾರೆಂದೂ ಎಲ್ಲಿಯೋ ಓದಿದ ನೆನಪಿದೆ. ಕೆಸು, ಬಾಳೆ, ತೆಂಗು, ಜೀಗುಜ್ಜೆಗಳೇ ಅವರ ಊಟವೆಂದರೆ ನಮ್ಮ ಕರಾವಳಿಯ ಹಿತ್ತಿಲು ಕಣ್ಣೆದುರಿಗೆ ಬರುತ್ತದೆ. ಇದು ನಿಜವೇ? ಮತ್ತೊಂದು ಸಂದೇಹ: ಐದು ಚದರ ಕಿಲೋಮೀಟರಿನಲ್ಲಿ 1,200 ಜನರೆಂದರೆ ನೆಲ ಎಷ್ಟು ಕಾಲ ತಡೆದೀತು? ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾಗಿ ಎರಡೇ ತಲೆಮಾರಿಗೆ ತೋಟ ತುಂಡುತುಂಡಾಗಿ ಹೋಗುತ್ತದೆ. ಅವರು ಹೇಗೆ ನಿಭಾಯಿಸಿದರು?

ಹಳೆ ನಕಾಶೆ:
ನೀವು ಓದಿದ್ದು ನಿಜ. ಪಾಲಿನೇಷ್ಯದ ಹೆಚ್ಚಿನ ಕಡೆ ಎಲೆಯಡಿಕೆಯ ರೂಢಿಯಿಲ್ಲ. ಮೆಲನೇಷ್ಯದ ನೆರೆಯಲ್ಲಿರುವ ಟಿಕೋಪಿಯಾದಲ್ಲಿದೆ. ಹವಳವನ್ನು ಸುಟ್ಟು ಸುಣ್ಣ ಮಾಡುತ್ತಾರೆ. ಹಲ್ಲು ಹೋದ ಹಿರಿಯರು ಅಡಿಕೆಯನ್ನು ಚಿಕ್ಕ ಮರದ ಕುಟ್ಟಾಣಿಯಲ್ಲಿ ಕುಟ್ಟಿಕೊಳ್ಳುತ್ತಾರೆ. ಅರಿಶಿನವನ್ನು ಅವರು ಅಡುಗೆಗೆ ಬಳಸುವುದಕ್ಕಿಂತ ಹೆಚ್ಚಾಗಿ ಮೈಗೆ ಮತ್ತು ನಾರುಬಟ್ಟೆಗೆ ಬಳಸುತ್ತಿದ್ದರು. ಕೊಂಬನ್ನು ತುರಿದು, ನೀರಿನಲ್ಲಿ ಕದಡಿ, ಸೋಸಿ, ತಳದಲ್ಲಿ ಕೂತ ಬಣ್ಣವನ್ನು ಬೇರ್ಪಡಿಸಿ, ಅದನ್ನು ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುವ ಈ ಕೆಲಸ ನಡೆಯುವಷ್ಟು ದಿನವೂ ಕೆಲಸಗಾರರು ಕಟ್ಟುನಿಟ್ಟಾದ ಮಡಿಯಲ್ಲಿರಬೇಕಿತ್ತು. ಫರ್ತ್ ಅವರು 1928–29ರಲ್ಲಿ ಒಂದು ವರ್ಷ ಅಲ್ಲಿದ್ದಾಗ ಇದನ್ನು ಸವಿಸ್ತಾರವಾಗಿ ದಾಖಲಿಸಿದರು.

ನೆಲದ ಪ್ರಶ್ನೆಗೆ ಉತ್ತರ ಉದ್ದವಾಗುತ್ತದೆ, ಸೈರಿಸಿಕೊಳ್ಳಿ. ಪ್ಯಾಟ್ರಿಕ್ ಕಿರ್ಚ್ ಮತ್ತು ಡಗ್ಲಸ್ ಯೆನ್ ಅವರು 1977–78ರಲ್ಲಿ ನಡೆಸಿದ ಉತ್ಖನನದ ಪ್ರಕಾರ ಅಲ್ಲಿ ಮನುಷ್ಯರು ನೆಲೆಸಿ ಸುಮಾರು 3,000 ವರ್ಷಗಳಾಗಿವೆ. ಮೊದಲು ಬಂದವರು ಕಾಡು ಸುಟ್ಟರು, ಹಕ್ಕಿಗಳನ್ನು ತಿಂದು ಮುಗಿಸಿದರು, ಚಿಪ್ಪುಮೀನು ಕ್ಷೀಣಿಸಿತು. ಆಮೇಲೆ ನಿಧಾನವಾಗಿ ಬೇಸಾಯದ ಕ್ರಮವೇ ಬದಲಾಯಿತು. ಕಾಡನ್ನು ಕಡಿದು ಸುಡುವುದನ್ನು ಬಿಟ್ಟು, ಇಡೀ ದ್ವೀಪವನ್ನೇ ಫಲ ಕೊಡುವ ಮರಗಳ ತೋಟವಾಗಿ ಬೆಳೆಸಿದರು: ಮೇಲೆ ತೆಂಗು, ಜೀಗುಜ್ಜೆ ಮತ್ತು ಬಾದಾಮಿಯಂತಹ ಕಾಯಿಮರಗಳು, ನೆರಳಿನಲ್ಲಿ ಗಡ್ಡೆಗಳು. ಜೀಗುಜ್ಜೆಯನ್ನು ಎಲೆ ಹಾಸಿದ ಗುಂಡಿಯಲ್ಲಿ ಮುಚ್ಚಿ ಹುಳಿ ಬರಿಸಿ ವರ್ಷಗಟ್ಟಲೆ ಕಾಪಿಡುವ ವಿದ್ಯೆ ಬರಗಾಲಕ್ಕೆಂದೇ ಇರುವಂಥದು. ಸುಮಾರು 17ನೇ ಶತಮಾನದಲ್ಲಿ ಅವರು ಹಂದಿ ಸಾಕುವುದನ್ನೇ ಕೈಬಿಟ್ಟರು. ಹಂದಿಗಳು ತೋಟಗಳನ್ನು ಅಗೆದು ಹಾಕುತ್ತಿದ್ದವು, ಮನುಷ್ಯರ ಆಹಾರಕ್ಕೇ ಪೈಪೋಟಿಗಿಳಿಯುತ್ತಿದ್ದವು. ಹಂದಿಯೇ ಪ್ರತಿಷ್ಠೆಯ ಸಂಪತ್ತಾಗಿರುವ ಪೆಸಿಫಿಕ್ ಭಾಗದಲ್ಲಿ ಇಂತಹ ನಿರ್ಧಾರ ಕೈಗೊಳ್ಳುವುದು ಸುಲಭದ ಮಾತಲ್ಲ.

ಜನಸಂಖ್ಯೆಗೂ ಇದೇ ಲೆಕ್ಕಾಚಾರವಿತ್ತು. ಕಿರಿಯ ತಮ್ಮಂದಿರು ಮದುವೆಯಾಗದೆ ಉಳಿಯುವುದು, ದಂಪತಿಗಳು ಸಂತಾನವನ್ನು ಮಿತಗೊಳಿಸುವುದು, ಅರಿಕಿಗಳು ಸಭೆಯಲ್ಲಿ ಅದನ್ನು ಬಹಿರಂಗವಾಗಿ ನೆನಪಿಸುವುದು ನಡೆದಿತ್ತು. ಕಠಿಣವಾದ ಕ್ರಮಗಳೂ ಇದ್ದವು: ಶಿಶುಹತ್ಯೆಯನ್ನು ಫರ್ತ್ ದಾಖಲಿಸಿದ್ದಾರೆ, ಯುವಕರು ಮರಳುವ ಭರವಸೆಯಿಲ್ಲದೆ ದೋಣಿಯೇರಿ ಕಡಲಿಗೆ ಹೋಗುತ್ತಿದ್ದುದನ್ನೂ ದಾಖಲಿಸಿದ್ದಾರೆ. ಇವನ್ನು ಬಿಟ್ಟು ಕೇವಲ “ಪ್ರಕೃತಿಯೊಂದಿಗೆ ಸಾಮರಸ್ಯ” ಎಂದು ಹೊಗಳುವ ಬರಹಗಳು ನನಗೆ ಅರ್ಧಸತ್ಯವೆನಿಸುತ್ತವೆ. ಮಿಷನ್ ಮತ್ತು ವಸಾಹತು ಆಡಳಿತದ ಪ್ರಭಾವದಿಂದ ಹಳೆಯ ಕ್ರಮಗಳು ಸಡಿಲವಾದ ಕಾಲದಲ್ಲಿ ಜನಸಂಖ್ಯೆ ಏರಿತು. 1929ರಲ್ಲಿ ಸುಮಾರು 1,300 ಇದ್ದವರು 1952ರ ವೇಳೆಗೆ ಸುಮಾರು 1,750 ಆದರು, ಅದೇ ವರ್ಷ ಚಂಡಮಾರುತ ಬಡಿದು ಕ್ಷಾಮ ಬಂತು. ಎರಡನೆಯ ಬಾರಿ ಹೋಗಿದ್ದ ಫರ್ತ್ ಅದನ್ನು ಕಣ್ಣಾರೆ ಕಂಡರು. ನುಕುಫೆರೊದಂತಹ ವಲಸೆ ಊರುಗಳು ಹುಟ್ಟಿದ್ದು ಆಮೇಲೆ. ಬಾವಿಕಟ್ಟೆಯವರು ಹೆಚ್ಚುವರಿ ಹೊಟ್ಟೆ ಎಂದದ್ದು ಇದೇ ಕಾರಣಕ್ಕೆ ಸರಿಯಾದ ಮಾತು. ಆ ಊರು ಹೊಟ್ಟೆಗಳನ್ನು ಎಣಿಸಿಕೊಂಡೇ ಉಳಿದುಬಂದಿದೆ.

ಕಡಲಕರೆ:
ನೇರನುಡಿಯವರ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಅರಿಕಿಗಳು ಬೇಡವೆಂದರೆ ಲಾಟಾದಿಂದ ಮರಳುತ್ತೇನೆ, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡೇ ಹೊರಡುತ್ತೇನೆ. ಬಾವಿಕಟ್ಟೆಯವರಲ್ಲಿ ಇನ್ನೂ ಕೆಲವು ವಿಚಾರಿಸಬೇಕಿದೆ. ನಾನು ಸಸ್ಯಾಹಾರಿ, ಇದರಿಂದ ಮನೆಯವರಿಗೆ ಮುಜುಗರವಾದೀತೇ? ಮನೆಯವರಿಗೆ ಹಣ ಕೊಡುವುದು ಸರಿಯೇ, ಸಾಮಾನು ಕೊಡುವುದು ಸರಿಯೇ? ಚಿತ್ರ ತೆಗೆಯುವ ವಿಷಯದಲ್ಲಿ ರೂಢಿ ಏನು? 2002ರ ‘ಜೋಯಿ’ ಚಂಡಮಾರುತದ ನಂತರ ಸರೋವರ ಹಾಳಾಯಿತೆಂದು ಓದಿದ್ದೆ, ಅದು ಈಗ ಹೇಗಿದೆ?

ಬಾವಿಕಟ್ಟೆ:
ಸರೋವರದಿಂದ ಆರಂಭಿಸುತ್ತೇನೆ, ಏಕೆಂದರೆ ನನ್ನ ಕೆಲಸ ನೀರಿನದು. ತೆ ರೊತೊ ಎಂಬ ಆ ಸರೋವರ ಹಳೆಯ ಜ್ವಾಲಾಮುಖಿಯ ಬಾಯಿ. ಕೆಲವು ಶತಮಾನಗಳ ಹಿಂದೆ ಅದು ಕಡಲಿಗೆ ತೆರೆದ ಕೊಲ್ಲಿಯಾಗಿತ್ತು, ಮರಳಿನ ದಿಬ್ಬ ಬೆಳೆದು ಮುಚ್ಚಿಕೊಂಡಿತು. 2002ರ ಡಿಸೆಂಬರ್ 28ರಂದು ಜೋಯಿ ಬಡಿದಾಗ ಗಾಳಿಯ ವೇಗ ಗಂಟೆಗೆ 240 ಕಿಲೋಮೀಟರ್ ತಲುಪಿತ್ತೆಂದು ಅಂದಾಜು. ಅಲೆಗಳು ಆ ದಿಬ್ಬವನ್ನು ಒಡೆದವು, ಉಪ್ಪುನೀರು ಒಳನುಗ್ಗಿತು, ಸರೋವರದ ಮೀನನ್ನೂ ದಡದ ಕೆಸುವಿನ ಗದ್ದೆಗಳನ್ನೂ ನಂಬಿದ್ದವರಿಗೆ ಅದು ಗಾಳಿಗಿಂತ ದೊಡ್ಡ ಹೊಡೆತವಾಯಿತು. 2006ರಲ್ಲಿ ಊರಿನವರೇ ಹೊರಗಿನ ಕೆಲವರ ನೆರವಿನಿಂದ, ತಂತಿ ಬಲೆಯೊಳಗೆ ಕಲ್ಲು ತುಂಬಿ ಜೋಡಿಸಿ ಒಡಕನ್ನು ಮುಚ್ಚಿದರು. ದೊಡ್ಡ ಯಂತ್ರಗಳನ್ನು ಇಳಿಸಲಾಗದ ಜಾಗದಲ್ಲಿ ಅದನ್ನು ಕೈಯಿಂದಲೇ ಮಾಡಬೇಕಾಯಿತು.

ಅಷ್ಟು ದೊಡ್ಡ ಗಾಳಿಯಲ್ಲಿ ದ್ವೀಪದಲ್ಲಿ ಒಬ್ಬರೂ ಸಾಯಲಿಲ್ಲ. ಹಿರಿಯರು ಗಾಳಿಯ ಲಕ್ಷಣ ಕಂಡು ಎಲ್ಲರನ್ನೂ ಎತ್ತರದ ಬಂಡೆಗಳ ಮರೆಗೆ, ಗವಿಗಳಿಗೆ ಕಳುಹಿಸಿದ್ದರು. ಹೊರಗಿನ ಜಗತ್ತು ಅವರೆಲ್ಲರೂ ಸತ್ತಿರಬಹುದೆಂದು ಎಣಿಸಿತ್ತು, ನೆರವಿನ ಹಡಗು ತಲುಪಲು ಸುಮಾರು ಒಂದು ವಾರ ಬೇಕಾಯಿತು. ಇದನ್ನು ಏಕೆ ಹೇಳುತ್ತೇನೆಂದರೆ, ನಿಮಗೆ ಅಲ್ಲಿ ಕಾಯಿಲೆಯಾದರೂ, ಕಾಲು ಮುರಿದರೂ ಲೆಕ್ಕಾಚಾರ ಇದೇ. ಮಲೇರಿಯಾದ ಮಾತ್ರೆ, ಗಾಯದ ಔಷಧ, ನಿಮ್ಮ ನಿತ್ಯದ ಮಾತ್ರೆಗಳನ್ನು ಬೇಕೆನಿಸಿದ್ದಕ್ಕಿಂತ ದುಪ್ಪಟ್ಟು ಒಯ್ಯಿರಿ. ಜ್ವರ, ಕೆಮ್ಮು ಇದ್ದರೆ ಲಾಟಾದಲ್ಲಿಯೇ ನಿಂತುಬಿಡಿ, ನೇರನುಡಿಯವರ ಆತಂಕ ಈ ವಿಷಯದಲ್ಲಿ ಪೂರ್ತಿ ನ್ಯಾಯವಾದದ್ದು.

ಸಸ್ಯಾಹಾರದಿಂದ ಅಡಚಣೆಯಿಲ್ಲ. ಕಲ್ಲು ಕಾಯಿಸಿ, ಎಲೆ ಮುಚ್ಚಿ ಬೇಯಿಸುವ ಒಲೆಯಲ್ಲಿ ಕೆಸುವಿನ ಗಡ್ಡೆ, ಬಾಳೆ, ಜೀಗುಜ್ಜೆ ಬೇಯುತ್ತವೆ. ಬೆಂದದ್ದನ್ನು ಮರದ ಮರಿಗೆಯಲ್ಲಿ ಹಾಕಿ ಕುಟ್ಟಿ, ತೆಂಗಿನ ಹಾಲು ಹಿಂಡಿ ಕಲಸುತ್ತಾರೆ. ಬಿಸಿಯಿದ್ದಾಗ ಅದರ ರುಚಿಗೆ ಸಾಟಿಯಿಲ್ಲ. ಗುಂಡಿಯಲ್ಲಿ ಹುಳಿ ಬರಿಸಿದ ಜೀಗುಜ್ಜೆಯ ವಾಸನೆಗೆ ಮಾತ್ರ ಮೂಗನ್ನು ಒಗ್ಗಿಸಿಕೊಳ್ಳಬೇಕು. ಮೀನು ತಿನ್ನುವುದಿಲ್ಲವೆಂಬುದನ್ನು ಮೊದಲ ದಿನವೇ, ಯಾರೂ ನಿಮಗಾಗಿ ಕಡಲಿಗಿಳಿಯುವ ಮೊದಲೇ ತಿಳಿಸಿಬಿಡಿ. ಹಿಡಿದು ತಂದ ಮೇಲೆ ಬೇಡವೆನ್ನುವುದು ಸರಿಯಲ್ಲ.

ಹಣಕ್ಕಿಂತ ಸಾಮಾನು ಲೇಸು: ಅಕ್ಕಿ, ಸಕ್ಕರೆ, ಮೀನಿನ ಗಾಳ ಮತ್ತು ದಾರ, ಒಳ್ಳೆಯ ಕತ್ತಿ, ಬಟ್ಟೆ. ನೀವು ತಿನ್ನುವುದಕ್ಕಿಂತ ಹೆಚ್ಚು ಅಕ್ಕಿ ಒಯ್ಯಬೇಕು, ಅದನ್ನು ನಿಮ್ಮ ಕೋಣೆಯಲ್ಲಿಟ್ಟು ಬೇಯಿಸಿಕೊಳ್ಳದೆ ಮನೆಯವರ ಕೈಗೆ ಒಪ್ಪಿಸಬೇಕು. ಅರಿಕಿಗೆ ಸಲ್ಲಬೇಕಾದ ಪಾಲನ್ನು ಅವರೇ ಕಳುಹಿಸುತ್ತಾರೆ. ನೀವೇ ನೇರವಾಗಿ ಹಂಚಲು ಹೋದರೆ ಯಾವ ಮನೆಗೆ ಎಷ್ಟು ಎಂಬ ತಕ್ಕಡಿಯಲ್ಲಿ ಸಿಲುಕಿಕೊಳ್ಳುತ್ತೀರಿ, ಅದರ ಕಸಿವಿಸಿ ನೀವು ಹೊರಟ ಮೇಲೂ ಊರಿನಲ್ಲಿ ಉಳಿಯುತ್ತದೆ. ಚಿತ್ರಗಳನ್ನು ಕೇಳಿ ತೆಗೆಯಿರಿ, ಮನೆಯೊಳಗೆ ತೆಗೆಯಲೇಬೇಡಿ. ಮದುವೆಯಾದವರನ್ನು ಅವರ ಮನೆಯ ಹೆಸರಿಗೆ ಮೊದಲು ಗಂಡಸಿಗೆ ‘ಪಾ’, ಹೆಂಗಸಿಗೆ ‘ನೌ’ ಸೇರಿಸಿ ಕರೆಯುವುದು ರೂಢಿ. ಹುಟ್ಟುಹೆಸರನ್ನು ಕೇಳಿ ಪೀಡಿಸಬೇಡಿ. ಭಾನುವಾರ ಚರ್ಚಿಗೆ ಹೋಗಿ, ಕೆಲಸ ಹೇಳಬೇಡಿ.

ಮನೆ ಗೊತ್ತುಮಾಡಿಕೊಳ್ಳಲು ಹೊನಿಯಾರಾದಲ್ಲಿ ನೆಲೆಸಿರುವ ಟಿಕೋಪಿಯಾದವರನ್ನು ಮೊದಲು ಕಾಣಿರಿ. ಅವರಲ್ಲಿ ಯಾರಾದರೂ ಊರಿಗೆ ಹೊರಟಿದ್ದರೆ ಅದೇ ಹಡಗಿನಲ್ಲಿ ಅವರ ಜೊತೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಆಗ ನೀವು ಯಾರ ಅತಿಥಿ ಎಂಬುದು ದಡದಲ್ಲಿ ನಿಂತವರಿಗೆಲ್ಲ ತಿಳಿದಿರುತ್ತದೆ.

ನೇರನುಡಿ:
ಈ ಷರತ್ತುಗಳಿಗೆ ಒಪ್ಪಿ ಹೋಗುವವರನ್ನು ತಡೆಯಲು ನನ್ನಲ್ಲಿ ವಾದವಿಲ್ಲ, ಆದರೆ ನಾನಂತೂ ಹೋಗಲಾರೆ. ಒಂದು ಕೋರಿಕೆಯಿದೆ, ಕಡಲಕರೆಯವರೇ: ಬಂದ ಮೇಲೆ ಬರೆಯುವುದಾದರೆ ನೀವು ಉಳಿದ ಮನೆಯ ಹೆಸರನ್ನೂ, ಮನೆಯವರ ಗುರುತನ್ನೂ ಬರೆಯಬೇಡಿ. ನಿಮ್ಮ ಬರಹ ಓದಿ ಹತ್ತು ಜನ ಅದೇ ಬಾಗಿಲಿಗೆ ಹೋಗುವುದು ಬೇಡ.

ಕಡಲಕರೆ:
ಒಪ್ಪಿದೆ. ಮುಂದಿನ ತಿಂಗಳು ಕಚೇರಿಯ ಕೆಲಸದ ಮೇಲೆ ಹೊನಿಯಾರಾಕ್ಕೆ ಹೋಗುವುದಿದೆ. ಟಿಕೋಪಿಯಾದವರನ್ನು ಅಲ್ಲಿಯೇ ಕಂಡು, ಊರಿನಿಂದ ಮಾತು ಬರುವವರೆಗೆ ಹಡಗಿನ ವಿಚಾರವನ್ನು ಎತ್ತುವುದಿಲ್ಲ. ತೋಟದಂಚು ಅವರೇ, ಕುಟ್ಟಾಣಿಯ ಅಡಿಕೆಯ ರುಚಿ ನೋಡುವ ಅವಕಾಶವಾದರೆ ಇಲ್ಲಿಯೇ ಬರೆಯುತ್ತೇನೆ.

ತೋಟದಂಚು:
ಅಲ್ಲಿ ಹಸಿ ಅಡಿಕೆಯನ್ನು ಮೆಲ್ಲುತ್ತಾರೋ, ಒಣಗಿಸಿದ್ದನ್ನೋ ಎಂಬುದನ್ನೂ ವಿಚಾರಿಸಿ ಬನ್ನಿ. ಹಸಿಯಾಗಿದ್ದರೆ, ಅಭ್ಯಾಸವಿಲ್ಲದವರು ಮೊದಲ ಸಲ ಚೂರೇ ಚೂರು ಹಾಕಿಕೊಳ್ಳಬೇಕು, ಇಲ್ಲವಾದರೆ ತಲೆ ಸುತ್ತುತ್ತದೆ.